ಸಿಂಪಿ ಬಿಟ್ಟರೆ ಕೊಳಕು ನೀರು ತಿಳಿಯಾಗುತ್ತದಾ?

ಕುತೂಹಲಿ:
ಒಂದು ವಿಡಿಯೋ ನೋಡಿದೆ. ಎರಡು ಗಾಜಿನ ತೊಟ್ಟಿ, ಎರಡರಲ್ಲೂ ಹಸಿರು ನೀರು. ಒಂದಕ್ಕೆ ಮಾತ್ರ ಸಿಂಪಿ ಹಾಕಿದ್ದಾರೆ. ಕೆಲವೇ ಗಂಟೆಯಲ್ಲಿ ಆ ನೀರು ತಿಳಿ! ಹಾಗಾದ್ರೆ ಚರಂಡಿ ನೀರು ಸೇರುವ ಕೆರೆಗಳಿಗೂ ಇವನ್ನೇ ಬಿಡಬಹುದಲ್ವಾ?

ಉಪ್ಪುನೀರು:
ವಿಡಿಯೋ ಸುಳ್ಳಲ್ಲ. ಲ್ಯಾಬಿನಲ್ಲಿ ನಾನೂ ಇಂಥ ತೊಟ್ಟಿ ಇಟ್ಟಿದ್ದೇನೆ. ಎಲ್ಲರೂ ನೀರನ್ನೇ ನೋಡುತ್ತಾರೆ, ನೋಡಬೇಕಾದ್ದು ತಳವನ್ನು. ಸಿಂಪಿ ಚಿಪ್ಪನ್ನು ಒಂಚೂರು ತೆರೆದು, ಕಿವಿರಿನ ಮೇಲಿನ ಸಣ್ಣ ರೋಮಗಳನ್ನು ಆಡಿಸಿ ನೀರು ಎಳೆದುಕೊಳ್ಳುತ್ತದೆ. ಪಾಚಿ ತಿನ್ನುತ್ತದೆ. ಬೇಡದ ಮಣ್ಣನ್ನು ಲೋಳೆಯಲ್ಲಿ ಸುತ್ತಿ ಹೊರಗೆ ಹಾಕುತ್ತದೆ. ಅದು ಕಂದು ಎಳೆಗಳಾಗಿ ಕೆಳಗೆ ಕೂರುತ್ತದೆ. ಕೊಳೆ ಮಾಯವಾಗಿಲ್ಲ, ಕೆಳಗಿಳಿದಿದೆ ಅಷ್ಟೆ. ನಿಜವಾದ ಲಾಭ ಆಮೇಲಿನದು: ಕೆಸರಿನ ಬ್ಯಾಕ್ಟೀರಿಯಾಗಳು ಅದರಲ್ಲಿರುವ ಸಾರಜನಕದ ಒಂದು ಪಾಲನ್ನು ಅನಿಲ ಮಾಡಿ ಗಾಳಿಗೆ ಬಿಡುತ್ತವೆ.

ಕೆರೆಗೆ ಮಾತ್ರ ಬೇಡ. ಸಿಹಿನೀರಿನಲ್ಲಿ ಸಿಂಪಿ ಬಾಯಿ ಮುಚ್ಚಿಕೊಂಡು ಕೂರುತ್ತದೆ, ಕೊನೆಗೆ ಸಾಯುತ್ತದೆ. ಅದಕ್ಕೆ ನದಿ ಸಮುದ್ರ ಸೇರುವ ಕಡೆಯ ಉಪ್ಪು ಬೇಕು.

ಲೆಕ್ಕದವ:
ಒಂದು ಸಿಂಪಿ ದಿನಕ್ಕೆ 190 ಲೀಟರ್ ಸೋಸುತ್ತದೆ ಅಂತಾರಲ್ಲ?

ಉಪ್ಪುನೀರು:
ಅಮೆರಿಕದ ಪೂರ್ವ ಕರಾವಳಿಯ ಬಲಿತ ಸಿಂಪಿ, ನೀರು ಬೆಚ್ಚಗಿದ್ದು ಎಲ್ಲವೂ ಸರಿಯಿದ್ದಾಗಿನ ಮಾತು ಅದು. ಚಳಿಗಾಲದಲ್ಲಿ ಕೆಲಸ ಹೆಚ್ಚುಕಮ್ಮಿ ಬಂದ್. ಹಾಗಂತ ಸುಮ್ನೆ ತಳ್ಳಿಹಾಕುವ ವಿಷಯವೂ ಅಲ್ಲ. ಅದೇ ಕರಾವಳಿಯ ಚೆಸಪೀಕ್ ಕೊಲ್ಲಿಯ ಸಿಂಪಿಗಳು ಒಂದು ಕಾಲದಲ್ಲಿ ಇಡೀ ಕೊಲ್ಲಿಯ ನೀರನ್ನು ಒಂದು ವಾರದೊಳಗೆ ಸೋಸುತ್ತಿದ್ದವು, ಈಗ ಉಳಿದವಕ್ಕೆ ಸುಮಾರು ಒಂದು ವರ್ಷ ಬೇಕು ಅಂತ 1988ರಲ್ಲಿ ಒಂದು ಅಂದಾಜು ಬಂತು. ಅದು ಸ್ವಲ್ಪ ಉದಾರ ಲೆಕ್ಕ ಅಂತ ನನಗನಿಸುತ್ತದೆ. ಆದರೆ ಸಿಂಪಿ ಜಾಸ್ತಿ ಹಿಡಿದು ಖಾಲಿ ಮಾಡಿದ್ದು ನಿಜ.

ನ್ಯೂಯಾರ್ಕ್ ಬಂದರಿನಲ್ಲಿ ‘ಬಿಲಿಯನ್ ಆಯ್ಸ್ಟರ್ ಪ್ರಾಜೆಕ್ಟ್’ 2014ರಿಂದ ನಡೆಯುತ್ತಿದೆ. 2035ರೊಳಗೆ ನೂರು ಕೋಟಿ ಸಿಂಪಿ ಅವರ ಗುರಿ. ಹೋಟೆಲ್‌ಗಳ ಖಾಲಿ ಚಿಪ್ಪು ತಂದು, ಬಿಸಿಲು ಮಳೆಗೆ ಒಡ್ಡಿ, ಅದರ ಮೇಲೆ ಮರಿ ಅಂಟಿಸುತ್ತಾರೆ. ಗಟ್ಟಿ ಜಾಗ ಸಿಗದೆ ಮರಿ ನೆಲೆ ನಿಲ್ಲುವುದಿಲ್ಲ.

ಕುತೂಹಲಿ:
ಬೆಳೆದ ಮೇಲೆ ತಿನ್ನಬಹುದಾ?

ಉಪ್ಪುನೀರು:
ಅಲ್ಲಿನದ್ದು ಬೇಡವೇ ಬೇಡ! ಚರಂಡಿಯ ರೋಗಾಣು, ಭಾರಲೋಹ ಎಲ್ಲ ಅದರ ಮೈಯಲ್ಲೇ ಉಳಿಯುತ್ತದೆ. ಇನ್ನು ಚರಂಡಿ ನೀರು ಬರುತ್ತಲೇ ಇದ್ದು ಆಮ್ಲಜನಕ ಇಳಿದರೆ ಸಿಂಪಿಯೇ ಬದುಕುವುದಿಲ್ಲ. ಮೊದಲು ಆ ಪೈಪ್ ನಿಲ್ಲಿಸಬೇಕು, ಸಿಂಪಿ ಆಮೇಲೆ.