ಕ್ರೋಮ್ ಎಕ್ಸ್‌ಟೆನ್ಶನ್: ಓದುವ ಹೊತ್ತಿನ ಟೈಮರ್ ಅರ್ಧಕ್ಕೇ ನಿಲ್ಲುತ್ತಿದೆ

ತುಂಗೆದಂಡೆ:
ನಮಸ್ಕಾರ. ಶಿವಮೊಗ್ಗದಲ್ಲಿ ಬಿಇ ಓದುತ್ತಿದ್ದೇನೆ. ಇಂಟರ್ನಲ್ಸ್ ಹತ್ತಿರ ಬಂದಷ್ಟೂ ನಮ್ಮ ಹಾಸ್ಟೆಲ್‌ನಲ್ಲಿ ಯೂಟ್ಯೂಬ್ ಜಾಸ್ತಿ. ಅದಕ್ಕೇ ಒಂದು ಎಕ್ಸ್‌ಟೆನ್ಶನ್ (ಕ್ರೋಮ್ ಬ್ರೌಸರ್‌ಗೆ ಸೇರಿಸುವ ಚಿಕ್ಕ ಪ್ರೋಗ್ರಾಂ) ಬರೆಯುತ್ತಿದ್ದೇನೆ. 'ಓದು ಶುರು' ಒತ್ತಿದರೆ 45 ನಿಮಿಷ ಯೂಟ್ಯೂಬ್, ಇನ್‌ಸ್ಟಾಗ್ರಾಮ್ ತೆರೆಯಬಾರದು. ಬರೆದಿರೋದು ಮ್ಯಾನಿಫೆಸ್ಟ್ ವಿ3ಯಲ್ಲಿ, ಅಂದರೆ ಎಕ್ಸ್‌ಟೆನ್ಶನ್‌ಗಳಿಗೆ ಕ್ರೋಮ್ ಇಟ್ಟಿರುವ ಚೌಕಟ್ಟಿನ ಮೂರನೇ ಆವೃತ್ತಿ. ತಡೆಯೋಕೆ ಡಿಕ್ಲೇರೇಟಿವ್‌ನೆಟ್‌ರಿಕ್ವೆಸ್ಟ್‌ನ (ಯಾವ ವಿಳಾಸ ತೆರೆಯಬಾರದು ಅಂತ ಕ್ರೋಮ್‌ಗೆ ಹೇಳುವ ಸೌಲಭ್ಯ) ಡೈನಾಮಿಕ್ ರೂಲ್, ಅಂದರೆ ಓಡುವಾಗಲೇ ಸೇರಿಸಿ ತೆಗೆಯಬಹುದಾದ ನಿಯಮ. ಎಣಿಸೋಕೆ ಹಿನ್ನೆಲೆಯಲ್ಲಿ ಓಡುವ ಬ್ಯಾಕ್‌ಗ್ರೌಂಡ್ ಫೈಲ್‌ನಲ್ಲಿ ಸೆಟ್‌ಇಂಟರ್ವಲ್ (ಒಂದೇ ಕೆಲಸವನ್ನು ಆಗಾಗ ಮಾಡಿಸುವ ಫಂಕ್ಷನ್).

ಸ್ವಲ್ಪ ಹೊತ್ತಿಗೇ ಎಣಿಕೆ ನಿಂತು ಹೋಗುತ್ತದೆ. ತಡೆ ಮಾತ್ರ ಹಾಗೇ ಉಳಿಯುತ್ತದೆ, ಊಟ ಮಾಡಿ ಬಂದರೂ ಯೂಟ್ಯೂಬ್ ಇಲ್ಲ. ರೂಮ್‌ಮೇಟ್ ಬೈಯುತ್ತಿದ್ದಾನೆ. ಎರರ್ ಒಂದೂ ಇಲ್ಲ. ಡೆವ್‌ಟೂಲ್ಸ್ (ಕೋಡ್ ಪರೀಕ್ಷಿಸುವ ಕ್ರೋಮ್‌ನ ಕಿಟಕಿ) ತೆರೆದು ನೋಡ್ತಾ ಕೂತರೆ ಎಲ್ಲ ಸರಿಯಾಗೇ ಓಡುತ್ತದೆ!

ಕಾನುಮನೆ:
ಡೆವ್‌ಟೂಲ್ಸ್ ತೆರೆದಾಗ ಸರಿ ಇರುತ್ತೆ ಅಂದಿರಲ್ಲ, ಅಲ್ಲೇ ಸಿಕ್ಕಿತು. ವಿ3ಯಲ್ಲಿ ಬ್ಯಾಕ್‌ಗ್ರೌಂಡ್ ಪೇಜ್ ಇಲ್ಲ, ಸರ್ವಿಸ್ ವರ್ಕರ್ ಇದೆ, ಅಂದರೆ ಕೆಲಸ ಬಂದಾಗ ಮಾತ್ರ ಎದ್ದು ಓಡುವ ಹಿನ್ನೆಲೆ ಕೋಡ್. 30 ಸೆಕೆಂಡ್ ಯಾವ ಇವೆಂಟೂ (ಏನೋ ಆಯ್ತು ಅನ್ನುವ ಸೂಚನೆ) ಬರದಿದ್ದರೆ ಕ್ರೋಮ್ ಅದನ್ನು ನಿಲ್ಲಿಸುತ್ತದೆ. ಸೆಟ್‌ಇಂಟರ್ವಲ್, ಗ್ಲೋಬಲ್ ವೇರಿಯಬಲ್ ಎಲ್ಲ ಅದರ ಜೊತೆಗೇ ಹೋಯ್ತು. ಡೆವ್‌ಟೂಲ್ಸ್ ತೆರೆದಿದ್ದರೆ ಮಾತ್ರ ವರ್ಕರ್ ನಿಲ್ಲುವುದಿಲ್ಲ. ಹಾಗಾಗಿ ಟೆಸ್ಟ್ ಮಾಡುವಾಗ ಅದನ್ನು ಮುಚ್ಚಿಡಿ.

ಸೆಕೆಂಡ್ ಎಣಿಸುವುದನ್ನೇ ಬಿಡಿ. ಓದು ಎಷ್ಟು ಗಂಟೆಗೆ ಮುಗಿಯಬೇಕು ಅನ್ನುವುದನ್ನು ಸ್ಟೋರೇಜ್.ಲೋಕಲ್‌ನಲ್ಲಿ (ಡಿಸ್ಕ್‌ನಲ್ಲಿ ಉಳಿಯುವ ಜಾಗ) ಬರೆದಿಡಿ. ಅದೇ ಹೊತ್ತಿಗೆ ಕ್ರೋಮ್.ಅಲಾರ್ಮ್ಸ್‌ನಲ್ಲಿ ಒಂದು ಅಲಾರಂ ಇಡಿ. ಮಲಗಿದ ವರ್ಕರನ್ನು ಅದು ಎಬ್ಬಿಸುತ್ತದೆ, ಆಗ ರೂಲ್ ತೆಗೆಯಿರಿ. ಪಾಪ್‌ಅಪ್‌ನಲ್ಲಿ ಉಳಿದ ನಿಮಿಷ ತೋರಿಸಬೇಕಾ? ಮುಗಿಯುವ ಸಮಯದಿಂದ ಈಗಿನ ಸಮಯ ಕಳೆದರೆ ಆಯ್ತು.

ಅಲಾರಂ ಲಿಸನರ್ (ಅಲಾರಂ ಆದಾಗ ಓಡುವ ಕೋಡ್) ಯಾವ ಫಂಕ್ಷನ್ ಒಳಗೂ ಬೇಡ, ಫೈಲ್‌ನ ಹೊರ ಹಂತದಲ್ಲೇ ಇರಲಿ. ಅವೇಟ್ (ಬೇರೆ ಕೆಲಸ ಮುಗಿಯಲಿ ಅಂತ ಕಾಯುವ ಸಾಲು) ಆದಮೇಲೆ ಸೇರಿಸಿದರೆ ಇವೆಂಟ್ ತಪ್ಪಿ ಹೋಗಬಹುದು. ವರ್ಕರ್ ಮಲಗದ ಹಾಗೆ ಸುಮ್ನೆ ಎಪಿಐ (ಕ್ರೋಮ್ ಕೊಡುವ ಫಂಕ್ಷನ್‌ಗಳು) ಕರೆಯುತ್ತಾ ಇರುವ ಉಪಾಯ ಕೆಲವರು ಹೇಳುತ್ತಾರೆ. ಈ ಕೆಲಸಕ್ಕೆ ಅದು ದಂಡ.

ಮಳೆನಾಡು_ತೀರ್ಥಹಳ್ಳಿ:
ಸ್ಟೋರೇಜ್.ಸೆಷನ್ ಕಡೆ ಹೋಗಬೇಡಿ ಮಾರಾಯ್ರೆ. ಅದು ಮೆಮೊರಿಯಲ್ಲಿ ಇರುವಂಥದ್ದು, ಬ್ರೌಸರ್ ಮುಚ್ಚಿದರೆ ಖಾಲಿ. ಆಷಾಢದಲ್ಲಿ ನಮ್ಮ ಕಡೆ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತೋ ಹೇಳೋಕಾಗಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಪಟ್ಟಂತ ಆಫ್. ಡೈನಾಮಿಕ್ ರೂಲ್ ಉಳಿದಿರುತ್ತದೆ, ಆದರೆ ಅಲಾರಂ ಉಳಿದೇ ಇರುತ್ತದೆ ಅಂತ ನಂಬೋ ಹಾಗಿಲ್ಲ. ವರ್ಕರ್ ಶುರುವಾದಾಗಲೆಲ್ಲ ಬರೆದಿಟ್ಟ ಸಮಯ ನೋಡಿ. ದಾಟಿದ್ದರೆ ರೂಲ್ ತೆಗೆಯಿರಿ, ಇಲ್ಲದಿದ್ದರೆ ಅಲಾರಂ ಮತ್ತೆ ಇಡಿ. ರನ್‌ಟೈಮ್.ಆನ್‌ಸ್ಟಾರ್ಟಪ್ ಲಿಸನರ್ ಇದ್ದರೆ ಬ್ರೌಸರ್ ತೆರೆದ ಕೂಡಲೇ ವರ್ಕರ್ ಏಳುತ್ತದೆ.

ತುಂಗೆದಂಡೆ:
ಇಬ್ಬರಿಗೂ ಥ್ಯಾಂಕ್ಸ್. ಡೆವ್‌ಟೂಲ್ಸ್ ಮುಚ್ಚಿ ನೋಡಿದೆ, ಪ್ಲಗ್ ಕಿತ್ತೂ ನೋಡಿದೆ, ಸರಿಯಾಗಿದೆ. ಈಗ ಪಾಠದ ವಿಡಿಯೋ ಬಿಟ್ಟು ಶಾರ್ಟ್ಸ್ ಮಾತ್ರ ತಡೆಯೋಣ ಅಂತ ರೂಲ್ ಬದಲಿಸಿದೆ. ಶಾರ್ಟ್ಸ್ ಲಿಂಕ್ ನೇರ ಹಾಕಿದರೆ ತಡೆಯುತ್ತದೆ, ಯೂಟ್ಯೂಬ್ ಒಳಗಿಂದ ಕ್ಲಿಕ್ ಮಾಡಿದರೆ ತೆರೆದುಬಿಡುತ್ತದೆ. ಯಾಕೆ?

ಕಾನುಮನೆ:
ಒಳಗೆ ಕ್ಲಿಕ್ ಮಾಡಿದಾಗ ಪುಟ ಹೊಸದಾಗಿ ಲೋಡ್ ಆಗುವುದಿಲ್ಲ. ಸ್ಕ್ರಿಪ್ಟ್ ವಿಳಾಸವನ್ನಷ್ಟೇ ಬದಲಿಸುತ್ತದೆ, ನಿಮ್ಮ ರೂಲ್‌ಗೆ ಅದು ಗೊತ್ತೇ ಆಗುವುದಿಲ್ಲ. ವೆಬ್‌ನ್ಯಾವಿಗೇಶನ್ ಪರ್ಮಿಶನ್ ಸೇರಿಸಿ, ಪುಟ ಹೀಗೆ ವಿಳಾಸ ಬದಲಿಸಿದಾಗ ಬರುವ ಆನ್‌ಹಿಸ್ಟರಿಸ್ಟೇಟ್‌ಅಪ್‌ಡೇಟೆಡ್ ಇವೆಂಟ್‌ನಲ್ಲಿ ವಿಳಾಸ ನೋಡಿ. ಶಾರ್ಟ್ಸ್ ಇದ್ದರೆ ಆ ಟ್ಯಾಬನ್ನು ನಿಮ್ಮ ಎಕ್ಸ್‌ಟೆನ್ಶನ್‌ನದೇ ಒಂದು ಪುಟಕ್ಕೆ ಕಳಿಸಿ. ರೂಲ್ ಕೂಡ ಇರಲಿ, ಎರಡೂ ಬೇಕು.

ಮುಂದಿನ ಪ್ರಶ್ನೆ ಇನ್‌ಕಾಗ್ನಿಟೋ (ಹಿಸ್ಟರಿ ಉಳಿಸದ ಖಾಸಗಿ ಕಿಟಕಿ) ಬಗ್ಗೆ ಬರುತ್ತೆ ಅಲ್ವಾ? ಅಲ್ಲಿ ಓಡಬೇಕಾದರೆ ಬಳಸುವವರೇ ಎಕ್ಸ್‌ಟೆನ್ಶನ್ ಸೆಟ್ಟಿಂಗ್‌ನಲ್ಲಿ ಅನುಮತಿ ಕೊಡಬೇಕು. ಕೋಡ್‌ನಿಂದ ಆಗುವುದಿಲ್ಲ. ರೂಮ್‌ಮೇಟ್‌ಗೆ ಇದನ್ನು ಹೇಳಬೇಡಿ.