ಅಪ್‌ಡೇಟ್: ನಾಯಿಗೆ ಕಂದು ಅಕ್ಕಿಯ ಅನ್ನ, ಕೊನೆಗೂ ಒಗ್ಗಿತು

ಹತ್ತು ದಿನಗಳ ಹಿಂದೆ ಕೇಳಿದ್ದೆನಲ್ಲ, ಕಂದು ಅಕ್ಕಿಯ ಅನ್ನ ತಿಂದ ನಮ್ಮ ನಾಯಿಗೆ ಭೇದಿ, ಮಲದಲ್ಲಿ ಇಡಿಯಾದ ಅಗುಳುಗಳು ಎಂದು? ಈಗ ಸರಿಹೋಗಿದೆ.

ಕೆಲಸ ಮಾಡಿದ್ದು, ರಾತ್ರಿಯಿಡೀ ನೆನೆಸಿ, ಹೆಚ್ಚು ನೀರಿಟ್ಟು, ಬೆರಳಲ್ಲಿ ಒತ್ತಿದರೆ ಅಗುಳು ನುಣ್ಣಗಾಗುವವರೆಗೆ ಬೇಯಿಸಿ ಎಂದವರ ಸಲಹೆ. ಕುಂಬಳಕಾಯಿ ಬೆರೆಸಿದ್ದು ವ್ಯರ್ಥವಾಯಿತು. ಮಹಾರಾಯ ಅದನ್ನಷ್ಟೇ ಬಿಟ್ಟು ತಟ್ಟೆ ನೆಕ್ಕಿದ. ರುಚಿಗೆ ಬೆಳ್ಳುಳ್ಳಿ ಹಾಕಿ ಎಂದವರೇ, ಕ್ಷಮಿಸಿ, ಹಾಕಲಿಲ್ಲ: ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳಿಗೇ ಹಾನಿ ಮಾಡುತ್ತವೆ.

ಅಚ್ಚರಿಯಾದದ್ದು ಪಶುವೈದ್ಯರ ಮಾತು. ಹೊಟ್ಟೆ ಕೆಟ್ಟಾಗ, ತೌಡು ಉಳಿದಿರುವ ಕಂದು ಅಕ್ಕಿಗಿಂತ ನಾರು ಕಡಿಮೆಯಿರುವ ಬಿಳಿ ಅನ್ನವೇ ಸುಲಭವಾಗಿ ಜೀರ್ಣವಾಗುತ್ತದಂತೆ. ನಾನೋ, ಆರೋಗ್ಯಕ್ಕೆ ಒಳ್ಳೆಯದೆಂದು ಭೇದಿಯ ದಿನಗಳಲ್ಲೂ ಅದನ್ನೇ ಬಡಿಸುತ್ತಿದ್ದೆ! ಈಗ ಎಂದಿನ ಊಟದ ಜೊತೆ ಎರಡೇ ಚಮಚ, ಉಪ್ಪಿಲ್ಲದೆ.