ತೂಕವಿಲ್ಲದ ದಾರ, ನುಣುಪಾದ ರಾಟೆ: ಇವೆಲ್ಲ ಯಾವ ಲೋಕದಲ್ಲಿ ಸಿಗುತ್ತವೆ?

ಕಣಮಾತ್ರ:
ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕ್ಸ್ ಕಲಿಯುತ್ತಿದ್ದೇನೆ. ಲೆಕ್ಕ ಶುರುವಾಗುವುದೇ ಹೀಗೆ: ‘ಹಗುರವಾದ, ಹಿಗ್ಗದ ದಾರವೊಂದು ನುಣುಪಾದ ರಾಟೆಯ ಮೇಲೆ ಹಾದುಹೋಗಿದೆ. ಒಂದು ತುದಿಯಲ್ಲಿ 3 ಕೆ.ಜಿ., ಇನ್ನೊಂದರಲ್ಲಿ 2 ಕೆ.ಜಿ.’ ಉತ್ತರವೇನೋ ಬರುತ್ತದೆ. ವೇಗೋತ್ಕರ್ಷ 1.96, ದಾರದ ಎಳೆತ 23.5 ನ್ಯೂಟನ್. ತಲೆಗೆ ಹತ್ತದಿರುವುದು ಬೇರೆ. ದಾರದ ದ್ರವ್ಯರಾಶಿ ಸೊನ್ನೆ ಅಂದಮೇಲೆ ಬಲವನ್ನು ಸೊನ್ನೆಯಿಂದ ಭಾಗಿಸಬೇಕು, ಅಲ್ವಾ? ಹಾಗಾದರೆ ಆ ದಾರ ರಾಕೆಟ್ ಥರ ಹಾರಿಹೋಗಬೇಕಿತ್ತು. ಮತ್ತೆ, ಇಷ್ಟೆಲ್ಲ ಸುಳ್ಳು ಹೇಳಿ ತೆಗೆದ ಉತ್ತರದಿಂದ ಯಾರಿಗೇನು ಉಪಯೋಗ? ಗೆಳೆಯರನ್ನು ಕೇಳಿದರೆ ‘ಸುಮ್ನೆ ಬರೆದು ಮಾರ್ಕ್ಸ್ ತಗೋ’ ಅನ್ನುತ್ತಾರೆ.

ಅರ್ಧವಿರಾಮ:
ಗೆಳೆಯರು ಹೇಳಿದ್ದೇ ಸರಿ. ಲೆಕ್ಕ ಸುಲಭವಾಗಲಿ ಅಂತ ಹಾಗೆ ಕೊಡುತ್ತಾರೆ, ಅಷ್ಟೆ. ಗಾಳಿ, ಘರ್ಷಣೆ, ದಾರದ ತೂಕ ಎಲ್ಲ ಸೇರಿಸುತ್ತಾ ಹೋದರೆ ಒಂದು ಲೆಕ್ಕಕ್ಕೆ ಒಂದು ನೋಟ್‌ಬುಕ್ ಬೇಕಾದೀತು.

ಮೇಲೆಕೆಳಗೆ:
ಸುಲಭವಾಗಲಿ ಅಂತ ಹೌದು, ಆದರೆ ‘ಅಷ್ಟೆ’ ಅನ್ನೋದನ್ನು ಒಪ್ಪುವುದಿಲ್ಲ. ನಾನು ಲಿಫ್ಟ್ ಡಿಸೈನ್ ಮಾಡುವವಳು. ಒಂದು ಕಡೆ ಕ್ಯಾಬಿನ್, ಇನ್ನೊಂದು ಕಡೆ ಅದನ್ನು ಸರಿದೂಗಿಸುವ ಭಾರ, ಅಂದರೆ ಕೌಂಟರ್‌ವೇಟ್, ಮೇಲೊಂದು ರಾಟೆ. ನಿಮ್ಮ ಲೆಕ್ಕವೇ ನನ್ನ ಕೆಲಸ. ಈ ‘ಸುಳ್ಳು’ಗಳ ಜೊತೆ ದಿನವೂ ಏಗುತ್ತೇನೆ.

ಮೊದಲು ದಾರದ ವಿಷಯ. ದಾರದ ಒಂದು ತುಂಡನ್ನು ಮಾತ್ರ ನೋಡಿ. ಮೇಲಿನಿಂದ ಒಂದು ಎಳೆತ, ಕೆಳಗಿನಿಂದ ಒಂದು. ತುಂಡಿಗೆ ದ್ರವ್ಯರಾಶಿ ಇದ್ದರೆ ತಾನೇ ಇವೆರಡರ ನಡುವೆ ವ್ಯತ್ಯಾಸ ಬೇಕಾಗುವುದು? ಅದು ಸೊನ್ನೆ ಆದರೆ ವ್ಯತ್ಯಾಸವೂ ಸೊನ್ನೆ, ವೇಗೋತ್ಕರ್ಷ ಎಷ್ಟಾದರೂ ಇರಲಿ. ಸೊನ್ನೆಯಿಂದ ಭಾಗಿಸುವ ಪ್ರಮೇಯವೇ ಬರುವುದಿಲ್ಲ. ದಾರ ಎಷ್ಟು ಜೋರಾಗಿ ಓಡಬೇಕು ಅಂತ ತೀರ್ಮಾನಿಸುವುದು ದಾರವಲ್ಲ, ತುದಿಯಲ್ಲಿ ನೇತಾಡುತ್ತಿರುವ ತೂಕಗಳು.

ಹಾಗಾಗಿ ದಾರ ಹಗುರ ಅಂದರೆ ಅದರ ಉದ್ದಕ್ಕೂ ಎಳೆತ ಒಂದೇ. ಹಿಗ್ಗುವುದಿಲ್ಲ ಅಂದರೆ ಎರಡೂ ತೂಕಗಳ ವೇಗೋತ್ಕರ್ಷ ಒಂದೇ. ಇವು ಬೇರೆ ಬೇರೆ ಮಾತು, ಜನ ಕಲಸಿಬಿಡುತ್ತಾರೆ. ರಾಟೆಗೆ ತೂಕವೂ ಇಲ್ಲ, ಘರ್ಷಣೆಯೂ ಇಲ್ಲ ಅಂದಾಗ ಅದರ ಎರಡು ಬದಿಯ ಎಳೆತ ಸಮ. ಒಂದೊಂದು ಊಹೆಯೂ ಸಮೀಕರಣದಿಂದ ಒಂದೊಂದು ಪದವನ್ನು ಕಿತ್ತು ಹಾಕುತ್ತದೆ. ಯಾವುದನ್ನು ಕಿತ್ತಿದೆ ಅಂತ ಗೊತ್ತಿದ್ದರೆ ಯಾವಾಗ ವಾಪಸ್ ಹಾಕಬೇಕು ಅಂತಲೂ ಗೊತ್ತಾಗುತ್ತದೆ.

ಮಾಡಿಯೇ ನೋಡಿ. ಅದೇ 3 ಮತ್ತು 2 ಕೆ.ಜಿ. ಇರಲಿ. ರಾಟೆ ಮಾತ್ರ 1 ಕೆ.ಜಿ. ತೂಗುವ ಗಟ್ಟಿ ತಟ್ಟೆ ಆಗಲಿ, ದಾರ ಜಾರದೆ ಅದನ್ನು ತಿರುಗಿಸಲಿ. ತಟ್ಟೆಯ ಅರ್ಧ ದ್ರವ್ಯರಾಶಿ ಲೆಕ್ಕಕ್ಕೆ ಸೇರುತ್ತದೆ, ಅಂದರೆ ಎರಡು ತೂಕಗಳ ವ್ಯತ್ಯಾಸದಿಂದ ಬರುವ ಬಲವನ್ನು 5ರ (3+2) ಬದಲು 5.5ರಿಂದ ಭಾಗಿಸಬೇಕು. ವೇಗೋತ್ಕರ್ಷ 1.78ಕ್ಕೆ ಇಳಿಯಿತು. ಎಳೆತ ಈಗ 3 ಕೆ.ಜಿ. ಕಡೆ 24.05, 2 ಕೆ.ಜಿ. ಕಡೆ 23.16 ನ್ಯೂಟನ್. ಆ 0.89 ನ್ಯೂಟನ್ ವ್ಯತ್ಯಾಸವೇ ರಾಟೆಯನ್ನು ತಿರುಗಿಸುತ್ತಿರುವುದು.

ಇನ್ನು ಲಿಫ್ಟ್. 13 ಮಿ.ಮೀ. ಉಕ್ಕಿನ ಹಗ್ಗ ಮೀಟರಿಗೆ ಸುಮಾರು 0.6 ಕೆ.ಜಿ. ತೂಗುತ್ತದೆ. ಐದು ಹಗ್ಗ, 10 ಮೀಟರ್ ಎತ್ತರ ಅಂದರೆ 30 ಕೆ.ಜಿ., ಮೊದಲ ಅಂದಾಜಿಗೆ ಬಿಟ್ಟರೂ ನಡೆಯುತ್ತದೆ. ಎತ್ತರ 100 ಮೀಟರ್ ಆದರೆ 300 ಕೆ.ಜಿ.! ಕ್ಯಾಬಿನ್ ಕೆಳಗಿದ್ದಾಗ ಅಷ್ಟೂ ಅದರ ಕಡೆ, ಮೇಲೆ ಹೋದಾಗ ಅಷ್ಟೂ ಕೌಂಟರ್‌ವೇಟ್ ಕಡೆ. ಅದನ್ನು ಸರಿದೂಗಿಸಲು ಕ್ಯಾಬಿನ್ ತಳದಿಂದ ಕೌಂಟರ್‌ವೇಟ್ ತಳಕ್ಕೆ ಒಂದು ಸರಪಳಿ ಇಳಿಬಿಡುತ್ತೇವೆ. ಹಗ್ಗ ಹಿಗ್ಗುವುದೂ ನಿಜ. ಜನ ಹತ್ತಿದರೆ ಕ್ಯಾಬಿನ್ ಸ್ವಲ್ಪ ಕೆಳಗೆ ಕೂರುತ್ತದೆ, ಅದನ್ನು ಮತ್ತೆ ನೆಲದ ಮಟ್ಟಕ್ಕೆ ತರುವ ವ್ಯವಸ್ಥೆ ಬೇಕು.

ನುಣುಪಾದ ರಾಟೆಯಂತೂ ನಮಗೆ ಬೇಡವೇ ಬೇಡ. ಮೋಟರ್ ತಿರುಗಿಸುವ ರಾಟೆ ನುಣುಪಾಗಿದ್ದರೆ ಹಗ್ಗ ಜಾರಿ, ಯಾವ ಕಡೆ ಭಾರ ಜಾಸ್ತಿಯೋ ಆ ಕಡೆ ಇಳಿದುಬಿಡುತ್ತದೆ. ಲಿಫ್ಟ್ ಓಡುವುದೇ ಹಗ್ಗ ಮತ್ತು ರಾಟೆಯ ನಡುವಿನ ಘರ್ಷಣೆಯಿಂದ.

ಕಣಮಾತ್ರ:
ಸೊನ್ನೆಯ ವಿಷಯ ಈಗ ಬಿಡಿಸಿಕೊಂಡಿತು, ಥ್ಯಾಂಕ್ಸ್ ಮೇಡಂ. ಹಾಗಾದರೆ ‘ಕಣ’? ಕಾರು, ರೈಲು, ಮನುಷ್ಯ, ಎಲ್ಲವನ್ನೂ ಕಣ, ಅಂದರೆ ಗಾತ್ರವೇ ಇಲ್ಲದ ಬಿಂದು, ಅಂದುಬಿಡುತ್ತಾರೆ. ಎಷ್ಟು ಚಿಕ್ಕದಿದ್ದರೆ ಕಣ?

ಉರುಳುಗುಂಡು:
ಅದು ಬರೀ ಗಾತ್ರದ ಮಾತಲ್ಲ, ನೀವು ಕೇಳುವ ಪ್ರಶ್ನೆಯ ಮಾತು. ಭೂಮಿಯ ವ್ಯಾಸ ಸುಮಾರು 12,700 ಕಿ.ಮೀ., ಸೂರ್ಯ ಇರುವುದು 15 ಕೋಟಿ ಕಿ.ಮೀ. ದೂರದಲ್ಲಿ. ವರ್ಷ ಎಷ್ಟು ದಿನ ಅನ್ನುವ ಲೆಕ್ಕಕ್ಕೆ ಭೂಮಿ ಕಣ. ಹಗಲು ರಾತ್ರಿಯ ಲೆಕ್ಕಕ್ಕೆ ಅಲ್ಲ.

ಅದೇ ಅಂಗೈಯಲ್ಲಿ ಹಿಡಿಸುವ ಗುಂಡನ್ನು ಇಳಿಜಾರಿನಲ್ಲಿ ಉರುಳಿಸಿ. ಘರ್ಷಣೆಯಿಲ್ಲದೆ ಜಾರುವ ಕಣಕ್ಕೆ ಎಷ್ಟು ವೇಗೋತ್ಕರ್ಷವೋ ಅದರ 7ರಲ್ಲಿ 5 ಭಾಗ ಮಾತ್ರ ಈ ಗಟ್ಟಿ ಗುಂಡಿಗೆ ಸಿಗುತ್ತದೆ. ಉಳಿದದ್ದನ್ನು ತಿರುಗುವಿಕೆ ತಿನ್ನುತ್ತದೆ. ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ಇಳಿಜಾರಿನ ಪ್ರಯೋಗದಲ್ಲೂ ಕಂಚಿನ ಗುಂಡು ಉರುಳುತ್ತಲೇ ಇತ್ತು. ಆದರೂ ದೂರ ಕಾಲದ ವರ್ಗದಂತೆ ಬೆಳೆಯುತ್ತದೆ ಅನ್ನುವ ಅವನ ನಿಯಮ ಕೆಡಲಿಲ್ಲ. ಕಡಿತದ ಪ್ರಮಾಣ ಉದ್ದಕ್ಕೂ ಒಂದೇ ಇತ್ತಲ್ಲ, ಅದಕ್ಕೆ.

ಮೇಲೆಕೆಳಗೆ:
ಚೆನ್ನಾಗಿ ಹೇಳಿದಿರಿ. ಇನ್ನೊಂದು ಸೇರಿಸುತ್ತೇನೆ, ಇದು ನನಗೆ ಬಹಳ ಇಷ್ಟದ್ದು. ಮೇಲಿನವುಗಳಲ್ಲಿ ಊಹೆ ತಪ್ಪಿದರೂ ಏನೋ ಒಂದು ಉತ್ತರ ಬರುತ್ತದೆ. ಕೆಲವು ಕಡೆ ಉತ್ತರವೇ ಬರುವುದಿಲ್ಲ. ನಾಲ್ಕು ಕಾಲಿನ ಮೇಜಿನ ಮೇಲೆ ಒಂದು ಮೂಲೆಗೆ ಹತ್ತಿರ ಭಾರ ಇಟ್ಟಿದ್ದೀರಿ. ಪ್ರತಿ ಕಾಲಿನ ಮೇಲೆ ಎಷ್ಟೆಷ್ಟು ಬಿತ್ತು? ಮೇಜು, ನೆಲ ಎರಡೂ ಒಂದಿಷ್ಟೂ ಬಾಗದ, ಕುಗ್ಗದ ವಸ್ತುಗಳು ಅಂದುಕೊಂಡರೆ ಸಿಗುವುದು ಮೂರೇ ಸಮೀಕರಣ: ಮೇಲೆ-ಕೆಳಗಿನ ಬಲಗಳದ್ದು ಒಂದು, ವಾಲದಿರುವುದಕ್ಕೆ ಎರಡು. ಕಂಡುಹಿಡಿಯಬೇಕಾದದ್ದು ನಾಲ್ಕು. ಕಾಲುಗಳು ಕೂದಲೆಳೆಯಷ್ಟಾದರೂ ಕುಗ್ಗುತ್ತವೆ ಅಂತ ಒಪ್ಪಿಕೊಂಡ ಮೇಲೆಯೇ ನಾಲ್ಕನೆಯ ಸಮೀಕರಣ ಹುಟ್ಟುವುದು. ನಾಲ್ಕೂ ಕಾಲು ಒಂದೇ ಥರ ಕುಗ್ಗುತ್ತವೆ, ಮೇಲಿನ ಹಲಗೆ ಮಾತ್ರ ಬಾಗುವುದಿಲ್ಲ ಅಂತ ಇಟ್ಟುಕೊಂಡು ಮಾಡಿ ನೋಡಿ. ಬಂದ ಉತ್ತರ ಇಲ್ಲೇ ಹಾಕಿ.